ದಾನಶಾಸನವೂ ಶಾಲೆಯ ಗೋಡೆಯ ಫಲಕವೂ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲೂಕುಗಳ ಹಳೆಯ ಸರಕಾರಿ ಶಾಲೆಗಳ ಜಗಲಿಯನ್ನೇರಿದರೆ ಗೋಡೆಯಲ್ಲಿ ಒಂದೆರಡು ಕಲ್ಲಿನ ಫಲಕಗಳು ಕಾಣಸಿಗುವುದು ಸಾಮಾನ್ಯ. ಕೊಠಡಿಯನ್ನು ಕಟ್ಟಿಸಿಕೊಟ್ಟವರ ಹೆಸರು, ಯಾರ ಸ್ಮರಣಾರ್ಥವೆಂಬ ವಿವರ, ಉದ್ಘಾಟಿಸಿದ ಗಣ್ಯರ ಹೆಸರು, ಕೊನೆಗೆ ಒಂದು ತಾರೀಕು. ಇದೇ ತಾಲೂಕುಗಳ ಬಸದಿಗಳ, ದೇವಾಲಯಗಳ ಅಂಗಳದಲ್ಲಿ ಬೇರೊಂದು ಬಗೆಯ ಕಲ್ಲುಗಳಿವೆ. ಅವು ದಾನಶಾಸನಗಳು. ಎರಡೂ ಕಲ್ಲುಗಳು ದಾನವನ್ನೇ ಸಾರುತ್ತವೆಯಾದರೂ ಎರಡನ್ನೂ ಒಟ್ಟಿಗೆ ಇಟ್ಟು ಓದಿದವರಿಗೆ ಒಂದು ವ್ಯತ್ಯಾಸ ಹೊಳೆಯದೆ ಇರದು.

ದಾನಶಾಸನ ದಾನಿಯ ಹೆಸರಿಗೆ ನಿಲ್ಲುವುದಿಲ್ಲ. ಕೊಟ್ಟ ಭೂಮಿ ಯಾವುದು, ಅದರ ನಾಲ್ಕು ಎಲ್ಲೆಗಳು ಯಾವುವು, ಅದರ ಹುಟ್ಟುವಳಿ ಎಷ್ಟು ಮುಡಿ ಅಕ್ಕಿ, ಅದರಲ್ಲಿ ನಂದಾದೀಪಕ್ಕೆ ಎಷ್ಟು, ಮುನಿಗಳ ಆಹಾರದಾನಕ್ಕೆ ಎಷ್ಟು, ಇದನ್ನು ನಡೆಸಿಕೊಂಡು ಬರಬೇಕಾದವರು ಯಾರು, ಸಾಕ್ಷಿ ಯಾರು ಎಂಬುದನ್ನೆಲ್ಲ ಅದು ಲೆಕ್ಕವಿಟ್ಟು ಹೇಳುತ್ತದೆ. ಕೊನೆಯಲ್ಲಿ ಶಾಪಾಶಯವಿರುತ್ತದೆ. ಕೊಟ್ಟದ್ದನ್ನು ಕಸಿದುಕೊಂಡವನಿಗೆ ತಟ್ಟುವ ಪಾಪವನ್ನು ಅದು ಹೆದರಿಕೆ ಹುಟ್ಟುವಂತೆ ಬಣ್ಣಿಸುತ್ತದೆ. ದಾನ ನಡೆದದ್ದು ಧಾರಾಪೂರ್ವಕವಾಗಿ, ಎಂದರೆ ಕೈಯಿಂದ ನೀರೆರೆದು. ಆ ನೀರು ನೆಲಕ್ಕೆ ಬಿದ್ದ ಕ್ಷಣದಿಂದ ಕೊಟ್ಟವನಿಗೆ ಆ ವಸ್ತುವಿನ ಮೇಲೆ ಒಡೆತನವಿಲ್ಲ. ಮರಳಿ ಪಡೆದರೆ ಅದಕ್ಕೆ ದತ್ತಾಪಹಾರವೆಂಬ ಹೆಸರು. ಕಳ್ಳತನಕ್ಕಿಂತಲೂ ಹೀನವಾದ ದೋಷವೆಂದು ಅದನ್ನು ಎಣಿಸಲಾಗಿತ್ತು.

ಶಾಲೆಯ ಗೋಡೆಯ ಫಲಕದಲ್ಲಿ ಹೆಸರು ಉಳಿದಿದೆ. ಎಲ್ಲೆ, ಅಳತೆ, ಹೊಣೆ, ಸಾಕ್ಷಿ ಇವಾವುವೂ ಇಲ್ಲ. ಸರಕಾರಿ ಶಾಲೆಗಳ ಉಳಿವಿನ ಕುರಿತು ಇಂದು ಕರಾವಳಿಯಲ್ಲಿ ನಡೆಯುತ್ತಿರುವ ಚರ್ಚೆಯ ಮೂಲದಲ್ಲಿರುವುದು ಈ ಕೊರತೆಯೇ. ದಾನಿಗಳಿಗೆ ಇಲ್ಲಿ ಬರವಿಲ್ಲ. ಬರವಿರುವುದು ದಾನವನ್ನು ಸಾರ್ವಜನಿಕ ಹಕ್ಕನ್ನಾಗಿ ನೆಲೆಗೊಳಿಸುವ ವ್ಯವಸ್ಥೆಗೆ, ಆ ಹಕ್ಕಿನ ಒಡೆಯರಾದ ಮಕ್ಕಳ ಮಾತಿಗೆ ಕಿವಿಗೊಡುವ ಸಭೆಗೆ.

ಶಾಸ್ತ್ರದಾನದ ಪರಂಪರೆ

ಜೈನ ಪರಂಪರೆ ದಾನವನ್ನು ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದೆ. ಶಾಸ್ತ್ರದಾನದ ಮಾತು ಬಂದಾಗಲೆಲ್ಲ ಕನ್ನಡ ಸಾಹಿತ್ಯದ ವಿದ್ಯಾರ್ಥಿಗಳಿಗೆ ನೆನಪಾಗುವುದು ಹತ್ತನೆಯ ಶತಮಾನದ ಅತ್ತಿಮಬ್ಬೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಆಕೆಯ ಕಾರ್ಯವನ್ನು ಔದಾರ್ಯವೆಂದು ಕೊಂಡಾಡುವುದೇ ರೂಢಿ. ಆದರೆ ಅದರಲ್ಲಿ ಔದಾರ್ಯಕ್ಕಿಂತ ಮಿಗಿಲಾದ ವಿವೇಕವೊಂದಿದೆ. ಒಂದು ಪ್ರತಿಯನ್ನು ಬಂಗಾರದ ಪೆಟ್ಟಿಗೆಯಲ್ಲಿಟ್ಟು ಒಂದು ಬಸದಿಗೆ ಒಪ್ಪಿಸಿದ್ದರೂ ಆಕೆಗೆ ಪುಣ್ಯ ದೊರೆಯುತ್ತಿತ್ತು. ಸಾವಿರ ಪ್ರತಿ ಮಾಡಿಸಿದ್ದರಿಂದ ದೊರೆತದ್ದು ಓದುಗರು. ಎಷ್ಟು ಮಂದಿಗೆ ತಲುಪಿತೆಂಬುದೇ ಅಲ್ಲಿ ದಾನದ ಅಳತೆ.

ಮೂಡುಬಿದಿರೆಯ ಉದಾಹರಣೆ ಇನ್ನೂ ಹತ್ತಿರದ್ದು. ಷಟ್ಖಂಡಾಗಮದ ಟೀಕೆಯಾದ ಧವಲಾ, ಕಷಾಯಪ್ರಾಭೃತದ ಟೀಕೆಯಾದ ಜಯಧವಲಾ, ಮಹಾಧವಲವೆಂದು ಪ್ರಸಿದ್ಧವಾದ ಮಹಾಬಂಧ, ಈ ಸಿದ್ಧಾಂತಗ್ರಂಥಗಳ ತಾಡವಾಲೆಗಳನ್ನು ಶತಮಾನಗಳ ಕಾಲ ಕಾಪಾಡಿಕೊಂಡು ಬಂದದ್ದು ಈ ಊರು. ಮಹಾಬಂಧದ ಪ್ರತಿಯನ್ನು ಬರೆಯಿಸಿದವಳು ಮಲ್ಲಿಕಬ್ಬೆ ಎಂಬ ಶ್ರಾವಕಿ. ಪಂಚಮೀವ್ರತದ ಉದ್ಯಾಪನೆಯ ಸಂದರ್ಭದಲ್ಲಿ ಆಕೆ ಅದನ್ನು ಮಾಘನಂದಿ ಮುನಿಗಳಿಗೆ ಶಾಸ್ತ್ರದಾನವಾಗಿ ಕೊಟ್ಟಳೆಂದು ಪ್ರಶಸ್ತಿ ತಿಳಿಸುತ್ತದೆ. ಮುಂದೆ ಬಹುಕಾಲ ಈ ಓಲೆಗಳು ದರ್ಶನದ ವಸ್ತುಗಳಾಗಿದ್ದುವು. ಯಾತ್ರಿಕರು ದೂರದಿಂದ ಬಂದು, ಕೈಮುಗಿದು, ಹಿಂತಿರುಗುತ್ತಿದ್ದರು. ಓದುವವರಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಪ್ರತಿಮಾಡುವ ಕೆಲಸ ಆರಂಭವಾಗಿ, ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ 1939ರಲ್ಲಿ ಅಚ್ಚಾದ ಮೇಲೆಯೇ ಅವು ಮತ್ತೆ ಶಾಸ್ತ್ರಗಳಾದುವು. ಕಾಪಾಡಿದವರ ಋಣ ದೊಡ್ಡದೇ ಸರಿ. ಆದರೂ ಮಲ್ಲಿಕಬ್ಬೆಯ ದಾನ ಪೂರ್ಣವಾದದ್ದು ಪೆಟ್ಟಿಗೆ ತೆರೆದಾಗ ಎನ್ನಬೇಕು.

ಸರಕಾರಿ ಶಾಲೆಯ ವಿಚಾರಕ್ಕೆ ಈ ಎರಡು ಉದಾಹರಣೆಗಳನ್ನು ತಂದುದಕ್ಕೆ ಕಾರಣವಿದೆ. ಕರಾವಳಿಯ ಶಿಕ್ಷಣದ ಚರಿತ್ರೆಯಲ್ಲಿ ವಿದ್ಯಾದಾನವೆಂಬ ಮಾತು ಹೆಮ್ಮೆಯಿಂದ ಬಳಕೆಯಾಗುತ್ತದೆ. ಆದರೆ ಆ ದಾನ ಯಾರಿಗೆ ತಲುಪಿತು, ಯಾರಿಗೆ ದರ್ಶನವಷ್ಟೇ ಆಗಿ ಉಳಿಯಿತು ಎಂಬ ಪ್ರಶ್ನೆಯನ್ನು ಅದೇ ಹೆಮ್ಮೆಯಿಂದ ಕೇಳಿದವರು ಕಡಿಮೆ.

ಐಗಳ ಮಠದಿಂದ ಬೋರ್ಡು ಶಾಲೆಗೆ

ಹಳೆಯ ದಕ್ಷಿಣ ಕನ್ನಡದಲ್ಲಿ ಅಕ್ಷರಾಭ್ಯಾಸ ನಡೆಯುತ್ತಿದ್ದುದು ಐಗಳ ಮಠಗಳಲ್ಲಿ, ದೇವಸ್ಥಾನದ ಚಾವಡಿಗಳಲ್ಲಿ, ಶ್ರೀಮಂತರ ಮನೆಯ ಜಗಲಿಗಳಲ್ಲಿ. ಜಗಲಿಯ ಯಜಮಾನ ಯಾರನ್ನು ಜಗಲಿ ಹತ್ತಿಸುವನೋ ಅವರಿಗಷ್ಟೇ ಅಕ್ಷರ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಶಾಲೆಗಳನ್ನು ತೆರೆಯಿತು. 1854ರ ವುಡ್‌ನ ಶಿಕ್ಷಣ ನಿರೂಪದ ಬಳಿಕ ಖಾಸಗಿ ಶಾಲೆಗಳಿಗೆ ಸರಕಾರದ ಸಹಾಯಧನ ದೊರೆಯುವ ಪದ್ಧತಿ ಬೆಳೆಯಿತು. ಅದರೊಂದಿಗೆ ಅನುದಾನಿತ ಶಾಲೆಯೂ ಅದರ ಸಂಚಾಲಕರೆಂಬ ಸ್ಥಾನವೂ ಊರೂರಿಗೆ ಬಂದುವು. ಜಾಗ ಸಂಚಾಲಕರದು, ಸಂಬಳ ಸರಕಾರದ್ದು, ಮಕ್ಕಳು ಊರಿನವರು. ಈ ಮೂರೆಳೆಯ ಹೆಣಿಗೆಯಿಂದಲೇ ಜಿಲ್ಲೆ ಸಾಕ್ಷರವಾಯಿತೆಂದರೆ ತಪ್ಪಾಗಲಾರದು.

ಆದರೆ ಈ ಹೆಣಿಗೆಯ ಹೊರಗೆ ಉಳಿದವರಿದ್ದರು. 1892ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಪ್ರತ್ಯೇಕ ಶಾಲೆಯನ್ನು ತೆರೆಯಬೇಕಾಗಿ ಬಂದುದು, ಅದಕ್ಕಾಗಿ ಸ್ವಜಾತಿಯವರ ಬಹಿಷ್ಕಾರವನ್ನು ಸಹಿಸಬೇಕಾಗಿ ಬಂದುದು, ಆ ಕಾಲದ ವಿದ್ಯಾದಾನ ಎಲ್ಲಿ ಮುಗಿಯುತ್ತಿತ್ತು ಎಂಬುದನ್ನು ತೋರಿಸುತ್ತದೆ. ಅಂಥ ಎಲ್ಲೆಯನ್ನು ದಾಟುವುದಕ್ಕೆ ಒಬ್ಬೊಬ್ಬ ಮಹನೀಯರ ತ್ಯಾಗ ಸಾಲದು. 1920ರ ಮದ್ರಾಸು ಪ್ರಾಥಮಿಕ ಶಿಕ್ಷಣ ಕಾಯಿದೆ, ಜಿಲ್ಲಾ ಬೋರ್ಡು, ತಾಲೂಕು ಬೋರ್ಡುಗಳ ಶಾಲೆಗಳು, 1956ರ ಏಕೀಕರಣದ ಬಳಿಕ ಅವು ಮೈಸೂರು ರಾಜ್ಯದ ಶಾಲೆಗಳಾದುದು, ಈ ಮೂರು ಘಟ್ಟಗಳು ಶಾಲೆಯನ್ನು ಜಗಲಿಯಿಂದ ಕೆಳಗಿಳಿಸಿ ಬಯಲಿಗೆ ತಂದುವು. ಹಿರಿಯರ ಬಾಯಲ್ಲಿ ಇಂದಿಗೂ ಉಳಿದಿರುವ ಬೋರ್ಡು ಶಾಲೆ ಎಂಬ ಹೆಸರು ಒಂದು ಸಾಮಾಜಿಕ ಕ್ರಾಂತಿಯ ಹೆಸರು. ಅಲ್ಲಿ ಪ್ರವೇಶಕ್ಕೆ ಯಾರ ಅನುಗ್ರಹವೂ ಬೇಕಿರಲಿಲ್ಲ.

ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರನ್ನು ಈ ಹಿನ್ನೆಲೆಯಲ್ಲಿ ಮತ್ತೆ ಓದಬೇಕಾಗಿದೆ. ಅವರು ಸಾಹಿತಿಯಾದುದು ಆಸ್ಥಾನದಲ್ಲಿ ಅಲ್ಲ, ಮಠದಲ್ಲೂ ಅಲ್ಲ. ಅಧ್ಯಾಪಕರಾಗಿ, ಶಾಲಾ ತನಿಖಾಧಿಕಾರಿಯಾಗಿ ಊರೂರು ತಿರುಗಿದ ಸರಕಾರಿ ನೌಕರರಾಗಿ. ಮಗುವಿಗೆ ತಿಳಿಯುವ ಕನ್ನಡದ ಕೊರತೆಯನ್ನು ತರಗತಿಯಲ್ಲೇ ಕಂಡು, ಅದನ್ನು ತುಂಬಲು ಅವರು ಶಿಶುಗೀತೆ, ಕತೆ, ಪಾಠಗಳನ್ನು ಬರೆದರು. ಆಧುನಿಕ ಕನ್ನಡದ ಮಕ್ಕಳ ಸಾಹಿತ್ಯದ ಒಂದು ದೊಡ್ಡ ಭಾಗ ಸಾರ್ವಜನಿಕ ಶಾಲೆಯ ತನಿಖೆಯ ದಾರಿಯಲ್ಲಿ ಹುಟ್ಟಿತು ಎಂಬುದನ್ನು ಸಾಹಿತ್ಯಚರಿತ್ರೆಗಳು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತವೆ. ಆ ವಾಕ್ಯಕ್ಕೆ ಒಂದು ಸಂಶೋಧನ ಪ್ರಬಂಧದಷ್ಟು ವಿಸ್ತಾರವಿದೆ. ಶಾಲೆ ಮುಚ್ಚಿದರೆ ಮುಚ್ಚುವುದು ಒಂದು ಕಟ್ಟಡವಷ್ಟೇ ಅಲ್ಲ, ಒಂದು ಭಾಷೆ ತನ್ನ ಓದುಗರನ್ನು ಪಡೆಯುವ ದಾರಿಯೂ ಹೌದು.

ಹಕ್ಕಾದ ಶಾಲೆ, ದಾನಕ್ಕೆ ಕಾಯುವ ಶಾಲೆ

2002ರ ಸಂವಿಧಾನ ತಿದ್ದುಪಡಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಸಾರಿತು. 2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲಿನಿಂದ ಜಾರಿಗೆ ಬಂತು. ಶಾಸನದ ಮಾತಿನಲ್ಲಿ ದಾನದ ಕಾಲ ಅಲ್ಲಿಗೆ ಮುಗಿಯಬೇಕಿತ್ತು. ಆದದ್ದು ಬೇರೆ.

ಅದೇ ಕಾಯಿದೆಯ ಒಂದು ಸೆಕ್ಷನ್ ಖಾಸಗಿ ಶಾಲೆಗಳ ಶೇಕಡಾ 25 ಸೀಟುಗಳನ್ನು ದುರ್ಬಲ ವರ್ಗಗಳಿಗೆ ಮೀಸಲಿಟ್ಟಿತು. ಆ ಮಕ್ಕಳ ಶುಲ್ಕವನ್ನು ಸರಕಾರವೇ ತುಂಬಿಕೊಡತೊಡಗಿತು. ಉದ್ದೇಶ ಸಾಮಾಜಿಕ ಬೆರಕೆ. ಪರಿಣಾಮದಲ್ಲಿ ಸರಕಾರವೇ ತನ್ನ ಹಣ ಕೊಟ್ಟು ತನ್ನ ಶಾಲೆಯ ಪಕ್ಕದ ಶಾಲೆಗೆ ಮಕ್ಕಳನ್ನು ಕಳಿಸಿದಂತಾಯಿತು. ಹತ್ತಿರದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆಯಿದ್ದರೆ ಖಾಸಗಿ ಶಾಲೆಗೆ ಈ ಸೀಟುಗಳಲ್ಲಿ ಪ್ರವೇಶವಿಲ್ಲವೆಂದು ಕರ್ನಾಟಕ 2019ರಲ್ಲಿ ನಿಯಮವನ್ನು ತಿದ್ದಿತು. ಅಷ್ಟರಲ್ಲಿ ಪಾಲಕರ ಮನಸ್ಸು ಹೊರಳಿಯಾಗಿತ್ತು. ಇತ್ತ ಮಾತೃಭಾಷೆಯ ಅಥವಾ ಕನ್ನಡದ ಮಾಧ್ಯಮವನ್ನು ಪ್ರಾಥಮಿಕ ಹಂತದಲ್ಲಿ ಕಡ್ಡಾಯಗೊಳಿಸಲೆತ್ನಿಸಿದ 1994ರ ಭಾಷಾನೀತಿಗೆ 2014ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮನ್ನಣೆ ದೊರೆಯಲಿಲ್ಲ. ಮಾಧ್ಯಮದ ಆಯ್ಕೆ ಪಾಲಕರದೆಂದು ನಿರ್ಣಯವಾಯಿತು. ಆಯ್ಕೆ ಎಂದಮೇಲೆ ಶುಲ್ಕ ಕೊಡಬಲ್ಲವರಿಗೆ ಆಯ್ಕೆ, ಕೊಡಲಾರದವರಿಗೆ ಉಳಿದದ್ದು ಎಂಬ ಸ್ಥಿತಿ ತಾನಾಗಿ ಬಂತು.

ಶಾಲೆ ಕುಸಿಯುವ ಕ್ರಮವೂ ಒಂದು ಲೆಕ್ಕಾಚಾರದಂತೆ ನಡೆಯುತ್ತದೆ. ಕಾಯಿದೆಯ ಅನುಬಂಧದ ಪ್ರಕಾರ ಒಂದರಿಂದ ಐದನೆಯ ತರಗತಿಯವರೆಗಿನ ಶಾಲೆಯಲ್ಲಿ ಅರುವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಐದು ತರಗತಿಗೆ ಇಬ್ಬರು ಎಂದಾಗ ಪಾಲಕರಿಗೆ ಶಾಲೆಯ ಮೇಲಿನ ಭರವಸೆ ಹೋಗುತ್ತದೆ. ಭರವಸೆ ಹೋದಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿದಲ್ಲಿ ಇದ್ದ ಶಿಕ್ಷಕರು ಹೆಚ್ಚುವರಿ ಎಂದಾಗಿ ವರ್ಗವಾಗುತ್ತಾರೆ. ಕೊನೆಗೆ ಉಳಿಯುವುದು ಒಬ್ಬ ಶಿಕ್ಷಕಿ, ಒಬ್ಬ ಅತಿಥಿ ಶಿಕ್ಷಕಿ, ಬಿಸಿಯೂಟದ ಅಡುಗೆಯವರು ಮತ್ತು ಕಚೇರಿಯಿಂದ ದಿನವೂ ಬರುವ ಮಾಹಿತಿ ಕೇಳಿಕೆಗಳು. ಶಾಲೆಗೆ ಬೀಗ ಬೀಳುವ ದಿನ ಯಾರೂ ಅದನ್ನು ಮುಚ್ಚಿದವರಾಗಿರುವುದಿಲ್ಲ. ಅದು ತಾನಾಗಿ ಮುಚ್ಚಿಹೋಯಿತೆಂದೇ ದಾಖಲಾಗುತ್ತದೆ.

ಈ ಕುಸಿತವನ್ನು ತಡೆಯಲು ಮುಂದಾದದ್ದು ಮತ್ತೆ ದಾನವೇ. ಬಂಟ್ವಾಳ ತಾಲೂಕಿನ ಮೂಡನಡುಗೋಡಿನ ದಡ್ಡಲಕಾಡು ಸರಕಾರಿ ಶಾಲೆ ಇದಕ್ಕೆ ಬಹುಚರ್ಚಿತ ನಿದರ್ಶನ. ಮೂವತ್ತಕ್ಕಿಂತಲೂ ಕಡಿಮೆ ಮಕ್ಕಳಿಗೆ ಇಳಿದಿದ್ದ ಈ ಶಾಲೆಯನ್ನು ಕರೆಂಕಿಯ ಶ್ರೀ ದುರ್ಗಾ ಫ್ರೆಂಡ್ಸ್ ಕ್ಲಬ್ಬಿನ ಯುವಕರು ದತ್ತು ತೆಗೆದುಕೊಂಡು, ಕಟ್ಟಡ ಕಟ್ಟಿಸಿ, ಪೂರ್ವಪ್ರಾಥಮಿಕ ತರಗತಿಗಳನ್ನೂ ಇಂಗ್ಲಿಷ್ ಕಲಿಕೆಯನ್ನೂ ವಾಹನವನ್ನೂ ಒದಗಿಸಿ ಕೆಲವೇ ವರ್ಷಗಳಲ್ಲಿ ನೂರಾರು ಮಕ್ಕಳ ಶಾಲೆಯನ್ನಾಗಿ ಮಾಡಿದರು. ಹರೇಕಳದ ನ್ಯೂಪಡ್ಪುವಿನಲ್ಲಿ ಕಿತ್ತಳೆ ಮಾರಿ ಉಳಿಸಿದ ಹಣದಿಂದ ಶಾಲೆ ಕಟ್ಟಲು ಹೊರಟ ಹಾಜಬ್ಬರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಬೆಳ್ತಂಗಡಿ ಕಡೆಯಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಜ್ಞಾನದೀಪವೆಂಬ ಕಾರ್ಯಕ್ರಮದಡಿ ಸರಕಾರಿ ಶಾಲೆಗಳಿಗೆ ಗೌರವ ಶಿಕ್ಷಕರನ್ನು ಒದಗಿಸುತ್ತ ಬಂದಿದೆ. ಇವೆಲ್ಲ ಕೊಂಡಾಡಬೇಕಾದ ಕಾರ್ಯಗಳು. ಇವರು ಕೈಯಿಕ್ಕದಿದ್ದರೆ ಎಷ್ಟೋ ಮಕ್ಕಳು ಪಾಠವಿಲ್ಲದೆ ಉಳಿಯುತ್ತಿದ್ದರು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಇಂಥ ಕ್ಲಬ್ಬೊಂದು ಮುಂದಾಗದ ಊರಿನ ಶಾಲೆಯ ಗತಿಯೇನು? ಹಾಜಬ್ಬರಂಥವರು ಹುಟ್ಟದ ಊರಿನ ಮಗುವಿನ ಹಕ್ಕು ಏನಾಯಿತು? ದಾನಿಯ ಒಳ್ಳೆಯತನ ಎಷ್ಟು ದೊಡ್ಡದಾದರೂ ಅದು ಎಲ್ಲ ಊರುಗಳಿಗೆ ಸಮನಾಗಿ ಹಂಚಿಕೆಯಾಗುವುದಿಲ್ಲ. ಕಂಬಳವೂ ಜಾತ್ರೆಯೂ ಸಂಘಗಳೂ ಇರುವ ಊರಿಗೆ ದಾನಿಗಳು ಸಿಗುತ್ತಾರೆ. ಘಟ್ಟದ ಬುಡದ ಕಾಡಂಚಿನ ಶಾಲೆಗೆ ಸಿಗುವುದಿಲ್ಲ. ಶಿಕ್ಷಕರ ಹುದ್ದೆಯನ್ನು ದಾನಿಗಳು ತುಂಬಿದಲ್ಲೆಲ್ಲ ಆ ಹುದ್ದೆ ಖಾಲಿಯಿದೆಯೆಂಬ ಸಂಗತಿಯೇ ಸರಕಾರದ ಕಣ್ಣಿಂದ ಮರೆಯಾಗುತ್ತದೆ.

ಮೂಡುಬಿದಿರೆ ಈ ಚಿತ್ರದ ಇನ್ನೊಂದು ಮಗ್ಗುಲು. ಹದಿನೆಂಟು ಬಸದಿಗಳ ಈ ಊರಿಗೆ ಇಂದು ರಾಜ್ಯದ ನಾನಾ ಭಾಗಗಳಿಂದ ಮಕ್ಕಳು ಬರುವುದು ವಸತಿಯುತ ಖಾಸಗಿ ಕಾಲೇಜುಗಳಿಗಾಗಿ. ಅದೇ ಊರಿನಲ್ಲಿ ಆಳ್ವಾಸ್ ಸಂಸ್ಥೆ ನಡೆಸುವ ಉಚಿತ ಕನ್ನಡ ಮಾಧ್ಯಮ ಶಾಲೆಗೆ ಸೇರಲು ಸಾವಿರಾರು ಮಕ್ಕಳು ಪ್ರವೇಶಪರೀಕ್ಷೆ ಬರೆಯುತ್ತಾರೆಂಬುದು ಯೋಚನೆಗೆ ಹಚ್ಚುವ ಸಂಗತಿ. ಪಾಲಕರು ಕನ್ನಡವನ್ನೇ ಬಿಟ್ಟು ಓಡುತ್ತಿದ್ದಾರೆಂಬ ಮಾತು ಪೂರ್ತಿ ನಿಜವಲ್ಲ. ಅವರು ಬಿಟ್ಟು ಹೋಗುತ್ತಿರುವುದು ಅಭದ್ರತೆಯನ್ನು. ಆದರೆ ಪರೀಕ್ಷೆಯಿಟ್ಟು ಆರಿಸಿಕೊಳ್ಳುವ ಶಾಲೆ ಎಷ್ಟೇ ಉದಾರವಾಗಿದ್ದರೂ ಅದು ಬೋರ್ಡು ಶಾಲೆಯ ಜಾಗವನ್ನು ತುಂಬಲಾರದು. ಬೋರ್ಡು ಶಾಲೆ ಆರಿಸಿಕೊಳ್ಳುವುದಿಲ್ಲ. ಬಂದವರೆಲ್ಲರನ್ನೂ ಸೇರಿಸಿಕೊಳ್ಳುವುದೇ ಅದರ ಗುಣ, ಅದರ ಕಷ್ಟವೂ ಅದೇ.

ಖಾಲಿ ತಟ್ಟೆಯ ಪ್ರಸಂಗ

ದಾನಕ್ಕೂ ಹಕ್ಕಿಗೂ ನಡುವಿನ ಈ ಗೊಂದಲ ಬೀದಿಗೆ ಬಂದದ್ದು 2017ರ ಆಗಸ್ಟ್ ತಿಂಗಳಲ್ಲಿ. ಬಂಟ್ವಾಳ ತಾಲೂಕಿನ ಕಲ್ಲಡ್ಕದ ಶ್ರೀರಾಮ ವಿದ್ಯಾಕೇಂದ್ರ ಮತ್ತು ಪುಣಚದ ಶ್ರೀದೇವಿ ವಿದ್ಯಾಕೇಂದ್ರಗಳಿಗೆ ಕೊಲ್ಲೂರು ಮೂಕಾಂಬಿಕಾ ದೇವಸ್ಥಾನದಿಂದ ಸುಮಾರು ಒಂದು ದಶಕದಿಂದ ಬರುತ್ತಿದ್ದ ನೆರವನ್ನು ರಾಜ್ಯ ಸರಕಾರ ನಿಲ್ಲಿಸಿತು. ಮಕ್ಕಳ ಮಧ್ಯಾಹ್ನದ ಊಟಕ್ಕೆ ಆ ನೆರವು ಆಧಾರವಾಗಿತ್ತು. ಶಾಲೆಯ ಮಕ್ಕಳು ಖಾಲಿ ತಟ್ಟೆಗಳನ್ನು ಹಿಡಿದು ಪ್ರತಿಭಟನೆಗೆ ಬಂದರು. ಆ ಚಿತ್ರ ನಾಡಿನಾದ್ಯಂತ ಹರಿದಾಡಿತು. ಅರ್ಜಿ ಸಲ್ಲಿಸಿದರೆ ಅಕ್ಷರ ದಾಸೋಹದಡಿ ಊಟ ಒದಗಿಸಬಹುದೆಂಬ ಉತ್ತರ ಸರಕಾರದ ಕಡೆಯಿಂದ ಬಂತು. ವಿಧಾನಸಭೆಯ ಚುನಾವಣೆ ಹತ್ತಿರವಿದ್ದ ಕಾಲ. ಮುಂದಿನ ಮಾತುಗಳೆಲ್ಲ ಪಕ್ಷಗಳ ಮಾತುಗಳಾದುವು.

ಆ ವಿವಾದದಲ್ಲಿ ಎರಡು ಪಕ್ಷಗಳ ವಾದಗಳಲ್ಲೂ ಸ್ವಲ್ಪ ನ್ಯಾಯವಿತ್ತು. ಸಾರ್ವಜನಿಕ ದೇವಸ್ಥಾನದ ಹಣ ಎರಡು ಖಾಸಗಿ ಆಡಳಿತದ ಶಾಲೆಗಳಿಗಷ್ಟೇ ಏಕೆ, ಉಳಿದ ಶಾಲೆಗಳ ಮಕ್ಕಳ ಪಾಲೆಲ್ಲಿ ಎಂಬ ಪ್ರಶ್ನೆ ಸರಿಯಾದುದೇ. ಶಾಲೆಯ ವರ್ಷದ ನಡುವೆ, ಬದಲಿ ಊಟದ ಏರ್ಪಾಡನ್ನು ಕೈಗಿಡದೆ, ಒಂದು ಆದೇಶದಿಂದ ನೆರವನ್ನು ನಿಲ್ಲಿಸಿದುದು ಮಕ್ಕಳ ಮೇಲೆ ರಾಜಕೀಯದ ಹೊರೆ ಹೊರಿಸಿದಂತಾಯಿತೆಂಬ ಆಕ್ಷೇಪವೂ ಸರಿಯಾದುದೇ. ಆದರೆ ಇಬ್ಬರೂ ಹೇಳದೆ ಬಿಟ್ಟ ಮಾತೊಂದಿತ್ತು. ಸರಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರಿನಲ್ಲಿಯೇ ಆದೇಶಿಸಿತ್ತು. ಅಂದಿನಿಂದ ಶಾಲೆಯ ಅನ್ನ ದಾನವಲ್ಲ, ಮಗುವಿಗೆ ಸಲ್ಲಬೇಕಾದ ಪಾಲು. ಆ ಪಾಲನ್ನು ಪಡೆಯಲು ಸಂಸ್ಥೆಯ ಅರ್ಜಿ ಬೇಕೆನ್ನುವ ಸರಕಾರವೂ, ಅದನ್ನು ಭಿಕ್ಷೆಯ ಭಾಷೆಯಲ್ಲಿ ಕೇಳಿಸಿದ ಹಿರಿಯರೂ ಮಗುವನ್ನು ಹಕ್ಕುದಾರನ ಸ್ಥಾನದಿಂದ ಕೆಳಗಿಳಿಸಿ ಪ್ರತಿಗ್ರಾಹಿಯ ಸ್ಥಾನದಲ್ಲಿ ಕೂಡಿಸಿದರು.

ದಾನಶಾಸನದ ಭಾಷೆಯಲ್ಲಿ ಹೇಳುವುದಾದರೆ ಅಲ್ಲಿ ಧಾರೆ ಎರೆದಿರಲೇ ಇಲ್ಲ. ಸರಕಾರದ ಒಪ್ಪಿಗೆಯಿಂದ ಬರುತ್ತಿದ್ದುದು ಸರಕಾರದ ಆದೇಶದಿಂದ ನಿಂತಿತು. ಕೊಡುವವರ ಇಚ್ಛೆ ಇರುವಷ್ಟು ಕಾಲ ದೊರೆಯುವ ಅನ್ನಕ್ಕೆ ಶಾಪಾಶಯದ ಕಾವಲಿಲ್ಲ, ಕಾನೂನಿನ ಕಾವಲೂ ಇಲ್ಲ.

ಇನ್ನೊಂದು ಸೂಕ್ಷ್ಮವನ್ನೂ ಇಲ್ಲಿ ಹೇಳಬೇಕು. ಖಾಲಿ ತಟ್ಟೆ ಹಿಡಿದ ಮಕ್ಕಳದು ನಾಗರಿಕ ಭಾಗವಹಿಸುವಿಕೆಯೆ? ಮಕ್ಕಳು ಬೀದಿಗಿಳಿಯಲೇಬಾರದೆಂಬ ವಾದ ಇತಿಹಾಸಕ್ಕೆ ಒಪ್ಪುವುದಿಲ್ಲ. ಸ್ವಾತಂತ್ರ್ಯ ಹೋರಾಟದಲ್ಲಿ ಶಾಲೆ ಬಿಟ್ಟು ಹೊರಬಂದವರನ್ನು ನಾಡು ಇಂದಿಗೂ ನೆನೆಯುತ್ತದೆ. ಬೇಡಿಕೆಯನ್ನು ರೂಪಿಸಿದವರು ಯಾರು, ಉತ್ತರ ಬಂದಾಗ ಅದು ಸಾಕೆ ಸಾಲದೆ ಎಂದು ತೀರ್ಮಾನಿಸುವವರು ಯಾರು ಎಂಬುದೇ ಒರೆಗಲ್ಲು. ಹಿರಿಯರು ಬರೆದ ಘೋಷಣೆಯನ್ನು ಮಕ್ಕಳು ಕೂಗಿದರೆ ಅದು ಮಕ್ಕಳ ದನಿಯಲ್ಲ. ಮಂತ್ರಿಗಳ ಸ್ವಾಗತಕ್ಕೆ ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದ ಮಕ್ಕಳಿಗೂ ಪ್ರತಿಭಟನೆಗೆ ಸಾಲಾಗಿ ನಿಲ್ಲಿಸಿದ ಮಕ್ಕಳಿಗೂ ನಡುವಿನ ಅಂತರ ಹಿರಿಯರು ಎಣಿಸಿದಷ್ಟು ದೊಡ್ಡದಲ್ಲ.

ಮಕ್ಕಳ ಮಾತಿಗೊಂದು ಸಭೆ

ಮಕ್ಕಳ ಮಾತಿಗೆ ವೇದಿಕೆಯಿಲ್ಲವೆಂದೇನೂ ಅಲ್ಲ. ಶಾಲಾ ಸಂಸತ್ತಿನ ಚುನಾವಣೆ ಈ ತಾಲೂಕುಗಳ ಶಾಲೆಗಳಲ್ಲಿ ಜೂನ್ ಜುಲೈ ತಿಂಗಳ ಒಂದು ಸಂಭ್ರಮ. ಮುಖ್ಯಮಂತ್ರಿ, ಆರೋಗ್ಯಮಂತ್ರಿ, ನೀರಾವರಿ ಮಂತ್ರಿ, ಆಹಾರ ಮಂತ್ರಿ ಎಂದು ಪದವಿಗಳು ಹಂಚಿಕೆಯಾಗುತ್ತವೆ. ನೀರಾವರಿ ಮಂತ್ರಿಯ ಕೆಲಸ ಗಿಡಗಳಿಗೆ ನೀರೆರೆಯುವುದು. ಶಾಲೆಯ ಬಾವಿ ಏಪ್ರಿಲಿನಲ್ಲಿ ಏಕೆ ಬತ್ತುತ್ತದೆಂದು ಕೇಳುವುದು ಅವನ ಕೆಲಸವೆಂದು ಯಾರೂ ಹೇಳಿಕೊಡುವುದಿಲ್ಲ. ಹೀಗೆ ಸಂಸತ್ತು ಶಿಸ್ತಿನ ಅಭ್ಯಾಸವಾಗಿ ಉಳಿಯುತ್ತದೆ, ಪ್ರಶ್ನೆಯ ಅಭ್ಯಾಸವಾಗುವುದಿಲ್ಲ.

ಮಕ್ಕಳ ಗ್ರಾಮಸಭೆ ಇದಕ್ಕಿಂತ ಹೆಚ್ಚಿನ ಸಾಧ್ಯತೆಯುಳ್ಳದ್ದು. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತ 1992ರಲ್ಲಿ ಒಪ್ಪಿಕೊಂಡಿತು. ತನಗೆ ಸಂಬಂಧಿಸಿದ ವಿಷಯಗಳಲ್ಲಿ ಮಗು ಅಭಿಪ್ರಾಯ ಹೇಳಬಹುದು, ಅದಕ್ಕೆ ಬೆಲೆ ಸಲ್ಲಬೇಕು ಎಂಬುದು ಅದರ ಹನ್ನೆರಡನೆಯ ವಿಧಿ. ಕರಾವಳಿಗೆ ಈ ವಿಚಾರ ಹೊರಗಿನದಲ್ಲ. 1990ರ ದಶಕದಲ್ಲಿಯೇ ಕುಂದಾಪುರ ತಾಲೂಕಿನಲ್ಲಿ ದುಡಿಯುವ ಮಕ್ಕಳ ಭೀಮ ಸಂಘವೂ ಮಕ್ಕಳ ಪಂಚಾಯತಿಗಳೂ ಕೆಲಸ ಮಾಡಿದ್ದುವು. ಮುಂದೆ ಕರ್ನಾಟಕದ ಗ್ರಾಮ ಪಂಚಾಯತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಕ್ರಮ ಬಂತು.

ಇಂಥ ಸಭೆಗಳಲ್ಲಿ ಮಕ್ಕಳು ಕೇಳುವುದು ಸಿದ್ಧಾಂತವನ್ನಲ್ಲ. ಶೌಚಾಲಯದ ಬಾಗಿಲಿನ ಚಿಲಕ, ಶಾಲೆಗೆ ಆವರಣಗೋಡೆ, ಹೊತ್ತಿಗೆ ಸರಿಯಾಗಿ ಬರುವ ಬಸ್ಸು, ಹಳ್ಳಕ್ಕೊಂದು ಕಾಲುಸಂಕ. ಬೆಳ್ತಂಗಡಿಯ ಘಟ್ಟದ ತಪ್ಪಲಿನಲ್ಲಿ ಮಳೆಗಾಲದ ಹಳ್ಳಗಳನ್ನು ಅಡಕೆಮರದ ಸಂಕದ ಮೇಲೆ ದಾಟುವುದೆಂದರೆ ಏನೆಂದು ಬಲ್ಲವರಿಗೆ ಕಾಲುಸಂಕವೂ ಶಿಕ್ಷಣನೀತಿಯ ಭಾಗವೆಂದು ವಿವರಿಸಬೇಕಾಗಿಲ್ಲ. ಸಂಕ ಕೊಚ್ಚಿಹೋದ ದಿನ ಮಗುವಿನ ಹಾಜರಿ ಪುಸ್ತಕದಲ್ಲಿ ಗೈರುಹಾಜರಿ ಬೀಳುತ್ತದೆ. ಆ ಗೈರುಹಾಜರಿಗಳ ಮೊತ್ತವೇ ಮುಂದೆ ಶಾಲೆಯ ವಿಲೀನಕ್ಕೆ ಆಧಾರವಾಗುವ ಅಂಕಿ.

ಸಭೆ ನಡೆದಲ್ಲೂ ಒಂದು ಕೊರತೆ ಎದ್ದುಕಾಣುತ್ತದೆ. ಅಧ್ಯಕ್ಷರ ಭಾಷಣ, ಅಧಿಕಾರಿಗಳ ಮಾಹಿತಿ, ಮಕ್ಕಳ ಪ್ರಶ್ನೆ, ಪರಿಶೀಲಿಸಲಾಗುವುದೆಂಬ ಆಶ್ವಾಸನೆ, ವಂದನಾರ್ಪಣೆ. ಹಿಂದಿನ ವರ್ಷ ಕೇಳಿದ ಪ್ರಶ್ನೆಗೆ ಏನಾಯಿತೆಂಬ ವರದಿಯಿಂದ ಸಭೆ ಆರಂಭವಾಗುವುದು ಅಪರೂಪ. ಏಳನೆಯ ತರಗತಿಯಲ್ಲಿ ಪ್ರಶ್ನೆ ಕೇಳಿದ ಹುಡುಗಿ ಉತ್ತರ ಬರುವಷ್ಟರಲ್ಲಿ ಶಾಲೆ ದಾಟಿ ಹೋಗಿರುತ್ತಾಳೆ. ಕೇಳುವುದರಿಂದ ಏನೂ ಆಗುವುದಿಲ್ಲವೆಂಬುದು ಆಕೆ ಸರಕಾರದಿಂದ ಕಲಿತ ಮೊದಲ ಪೌರನೀತಿಯ ಪಾಠವಾಗುತ್ತದೆ. ಪಠ್ಯಪುಸ್ತಕದ ಹತ್ತು ಪಾಠಗಳು ಸೇರಿ ಈ ಒಂದು ಪಾಠವನ್ನು ಅಳಿಸಲಾರವು.

ಆಗಬೇಕಾದುದು

ಮೊದಲನೆಯದು, ದಾನಕ್ಕೂ ಹೊಣೆಗೂ ಎಲ್ಲೆ ಕಲ್ಲು ಹಾಕುವುದು. ಶಿಕ್ಷಕರು, ಅನ್ನ, ನೀರು, ಶೌಚಾಲಯ, ಭದ್ರವಾದ ಮಾಡು ಇವು ಸರಕಾರದ ಹೊಣೆ. ಇವನ್ನು ದಾನಿಗಳಿಂದ ತುಂಬಿಸಿಕೊಂಡು ಸರಕಾರ ಕೈತೊಳೆದುಕೊಳ್ಳಬಾರದು. ದಾನಿಗಳು ಒದಗಿಸಿದ ಗೌರವ ಶಿಕ್ಷಕರಿರುವಲ್ಲಿ ಖಾಲಿ ಹುದ್ದೆಯೆಂದೇ ದಾಖಲೆಯಲ್ಲಿ ತೋರಿಸಬೇಕು. ಗ್ರಂಥಾಲಯ, ಆಟದ ಸಾಮಗ್ರಿ, ಪ್ರವಾಸ, ಕಲಾಶಿಕ್ಷಣ ಇವುಗಳಲ್ಲಿ ಉದಾರಿಗಳಿಗೆ ಬೇಕಾದಷ್ಟು ಎಡೆಯಿದೆ. ಇಂದಿನ ಅತ್ತಿಮಬ್ಬೆಯರು ಸರಕಾರಿ ಶಾಲೆಯೊಂದಕ್ಕೆ ಪುಸ್ತಕಗಳ ಕಪಾಟು ಕೊಟ್ಟರೆ, ಜೊತೆಗೆ ಅದರ ಕೀಲಿಕೈ ಮಕ್ಕಳ ಕೈಯಲ್ಲಿರಬೇಕೆಂಬ ಕರಾರನ್ನೂ ಕೊಡಬೇಕು.

ಎರಡನೆಯದು, ಲೆಕ್ಕ. ಶಾಲೆಗೆ ಬಂದ ಪ್ರತಿಯೊಂದು ನೆರವಿನ ವಿವರವನ್ನು ಶಾಲಾಭಿವೃದ್ಧಿ ಸಮಿತಿ ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಎಷ್ಟು, ಯಾವುದಕ್ಕೆ, ಎಷ್ಟು ವರ್ಷಕ್ಕೆ, ನಿಂತುಹೋದರೆ ಬದಲಿ ವ್ಯವಸ್ಥೆಯೇನು. ಇಷ್ಟು ಬರೆದ ಹಾಳೆಯೊಂದು ಶಾಲೆಯಲ್ಲಿದ್ದರೆ ಅದೇ ಇಂದಿನ ದಾನಶಾಸನ. ಈ ಮಾತನ್ನು ಕೆಲವು ದಾನಿಗಳು ಅವಿಶ್ವಾಸವೆಂದು ಭಾವಿಸಬಹುದು. ಬಂಗರು, ಅಜಿಲರು, ಚೌಟರು ಆಳಿದ ಈ ನೆಲದಲ್ಲಿ ಅರಸರ ದಾನಕ್ಕೂ ಸಾಕ್ಷಿ ಬೇಕಿತ್ತು. ಸಾಕ್ಷಿ ಹಾಕಿಸಿದ್ದರಿಂದ ಅವರ ಗೌರವವೇನೂ ಕುಂದಲಿಲ್ಲ.

ಮೂರನೆಯದು, ಉತ್ತರ. ಮಕ್ಕಳ ಗ್ರಾಮಸಭೆಯಲ್ಲಿ ಬಂದ ಪ್ರಶ್ನೆಗಳಿಗೆ ಅದೇ ಶೈಕ್ಷಣಿಕ ವರ್ಷದೊಳಗೆ ಲಿಖಿತ ಉತ್ತರ ಕೊಡಬೇಕು. ಆಗದು ಎಂಬುದೂ ಉತ್ತರವೇ, ಕಾರಣ ಹೇಳಿದರೆ. ಆ ಉತ್ತರವನ್ನು ಶಾಲೆಯ ಬೆಳಗಿನ ಪ್ರಾರ್ಥನಾಸಭೆಯಲ್ಲಿ ಓದಬೇಕು. ಇದಕ್ಕೆ ಹೊಸ ಕಾಯಿದೆ ಬೇಡ, ಅನುದಾನವೂ ಬೇಡ.

ಕೊನೆಯದು ಸಾಹಿತ್ಯದ ವಿದ್ಯಾರ್ಥಿಗಳಿಗೂ ಸಂಶೋಧಕರಿಗೂ ಸೇರಿದ ಕೆಲಸ. ಈ ತಾಲೂಕುಗಳಲ್ಲಿ ನೂರು ವರ್ಷ ದಾಟಿದ ಶಾಲೆಗಳಿವೆ. ಅವುಗಳ ಶತಮಾನೋತ್ಸವ ಸ್ಮರಣಸಂಚಿಕೆಗಳಲ್ಲಿ ದಾನಿಗಳ ಪಟ್ಟಿ ಉದ್ದವಾಗಿ ಇರುತ್ತದೆ. ಮಕ್ಕಳ ಪಟ್ಟಿ ಇರುವುದಿಲ್ಲ. ಆ ಪಟ್ಟಿ ಇರುವುದು ದಾಖಲಾತಿ ಪುಸ್ತಕಗಳಲ್ಲಿ. ಯಾವ ವರ್ಷ ಯಾವ ಕೇರಿಯ ಮೊದಲ ಮಗು ಶಾಲೆಗೆ ಸೇರಿತು, ಮೊದಲ ಹುಡುಗಿ ಎಷ್ಟನೆಯ ತರಗತಿಗೆ ಬಿಟ್ಟಳು, ಮನೆಮಾತೆಂದು ತುಳು, ಕೊಂಕಣಿ, ಬ್ಯಾರಿ, ಮರಾಠಿ ಎಂದು ಬರೆಸಿದವರು ಕನ್ನಡ ಕಲಿತು ಎಲ್ಲಿಗೆ ಹೋದರು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದದ್ದು ಅಲ್ಲಿಯೇ. ಶಾಸನಗಳ ಅಚ್ಚು ತೆಗೆಯುವಷ್ಟೇ ಶ್ರದ್ಧೆಯಿಂದ ಈ ಪುಸ್ತಕಗಳ ಪ್ರತಿ ತೆಗೆಯಬೇಕಾಗಿದೆ. ವಿಲೀನವಾದ ಶಾಲೆಯ ಕಾಗದಪತ್ರಗಳು ಗೋಣಿಚೀಲದಲ್ಲಿ ಕಟ್ಟಿ ಇನ್ನೊಂದು ಶಾಲೆಯ ಮೂಲೆ ಸೇರಿದರೆ ಗೆದ್ದಲಿಗೆ ಒಂದು ಮಳೆಗಾಲ ಸಾಕು.

ಮೂಡುಬಿದಿರೆಯ ಓಲೆಗಳು ಗೆದ್ದಲಿಗೆ ತುತ್ತಾಗದೆ ಉಳಿದದ್ದು ಯಾರೋ ವರ್ಷವರ್ಷವೂ ಬಿಚ್ಚಿ, ಎಣ್ಣೆ ಸವರಿ, ಕಟ್ಟಿಟ್ಟದ್ದರಿಂದ. ಅವರ ಹೆಸರು ಯಾವ ಫಲಕದಲ್ಲಿಯೂ ಇಲ್ಲ. ಸರಕಾರಿ ಶಾಲೆಯನ್ನು ಇಂದಿಗೂ ಉಳಿಸಿಕೊಂಡು ಬಂದವರಲ್ಲಿ ಹೆಚ್ಚಿನವರು ಅಂಥವರೇ. ಐದು ತರಗತಿಗಳನ್ನು ಒಬ್ಬಳೇ ನಡೆಸುವ ಶಿಕ್ಷಕಿ, ಬೆಳಗ್ಗೆ ಎಂಟಕ್ಕೆ ಒಲೆ ಹಚ್ಚುವ ಅಡುಗೆಯವರು, ಮಗುವನ್ನು ಸಂಕ ದಾಟಿಸಿ ಕೂಲಿಗೆ ಹೋಗುವ ತಾಯಿ. ಅವರಿಗೆ ಬೇಕಾಗಿರುವುದು ಇನ್ನೊಂದು ಸನ್ಮಾನವಲ್ಲ, ಮುಂದಿನ ಜೂನಿನಲ್ಲಿ ಶಾಲೆ ತೆರೆದಿರುತ್ತದೆಂಬ ಲಿಖಿತ ಭರವಸೆ.